‘ರಕ್ತ ಕಮ್ಮಿ’ ಎಂದ ಮನೆ

ದೇವರಾಜ್‌ಗೆ ರಕ್ತ ಕಮ್ಮಿ ಎಂದೇ ಕೊಳ್ಳೇಗಾಲದ ಆ ನೇಕಾರರ ಬೀದಿ ನಂಬಿತ್ತು. ಅವರಿಗಿದ್ದದ್ದು ರಕ್ತದ ಕ್ಯಾನ್ಸರ್. ಮೈಸೂರಿನಲ್ಲಿ ಚಿಕಿತ್ಸೆ ನಡೆಯುತ್ತಿತ್ತು. ಮಗಳು ಮೋನಿಕಾಳಿಗೆ ಗಂಡು ನೋಡುವಾಗ ಆ ಹೆಸರು ಹೊರಗೆ ಬೀಳಬಾರದೆಂದು ಹೆಂಡತಿ ಸರಸ್ವತಮ್ಮ ಹಾಗೆ ಹೇಳಿದ್ದರು. ಬೀದಿಯವರು ಬೀಟ್‌ರೂಟ್ ತಂದು ಕೊಡುತ್ತಲೇ ಇದ್ದರು.

ಸೋಮವಾರ ದೇವರಾಜ್‌ಗೆ ಗಂಟಲು ಕೆರೆತ, ಸಣ್ಣ ಜ್ವರ. ಮರುದಿನ ಪಕ್ಕದ ಮನೆಯ ಮೇಘನಾ ಬಂದಾಗ ಅವರು ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿ ಮಲಗಿದ್ದರು. ಮೇಘನಾಳಿಗೆ ನಿಜ ಗೊತ್ತಿತ್ತು. ತೀರಿಹೋದ ತನ್ನ ಗಂಡನನ್ನು ಅವಳೂ ಅದೇ ಕಾಯಿಲೆಗೆ ಮೈಸೂರಿನ ಅದೇ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಳು.

“ಡಾಕ್ಟ್ರಿಗೆ ತೋರಿಸಿದ್ರಾ ಅಕ್ಕ?” ಅವಳು ಸರಸ್ವತಮ್ಮನನ್ನು ಕೇಳಿದಳು.

“ಇಲ್ಲೇ ಊರ ಡಾಕ್ಟ್ರಿಗೆ ತೋರ್ಸ್ದೆ ಕಣವ್ವ. ಜ್ವರದ ಮಾತ್ರೆ ಕೊಟ್ರು. ರಕ್ತಕ್ಕೂ ಕಬ್ಬಿಣದ ಮಾತ್ರೆ ಕೊಟ್ಟವ್ರೆ.”

“ಅಲ್ಲೂ ನೀವು ರಕ್ತ ಕಮ್ಮಿ ಅಂತಲೇ ಹೇಳಿದ್ರಾ?”

ಸರಸ್ವತಮ್ಮ ಬೀಟ್‌ರೂಟ್ ಹೆಚ್ಚತೊಡಗಿದರು.

“ಬೀಟ್‌ರೂಟ್ ತಿಂದೂ ತಿಂದೂ ನಾನೇ ಕೆಂಪು ಸೀರೆ ಆಗೋದೆ,” ಎಂದರು ದೇವರಾಜ್.

“ನೀವು ಸುಮ್ಕಿರಿ.”

“ಕೊರೊನಾ ಟೆಸ್ಟ್ ಮಾಡಿಸಿ ಅಕ್ಕ.”

“ಕೊರೊನಾ ಈಗ ಎಲ್ಲಿ ಅದೆ? ಅದ್ರ ಸೂಜಿನೂ ಆಕ್ಸಿದ್ದೀವಿ. ಊರೋರೆಲ್ಲ ನೆಗಡಿ ಅನ್ಕಂಡು ಓಡಾಡ್ತಾವ್ರೆ.”

“ಊರೋರ ಮೈ ಬೇರೆ, ಅಣ್ಣನ ಮೈ ಬೇರೆ. ಈ ಕಾಯಿಲೆ ಇರೋರಿಗೆ ಸೂಜಿ ಹಾಕಿಸಿದ್ರೂ ಸಾಕಷ್ಟು ಶಕ್ತಿ ಬರದೇ ಇರಬಹುದು. ಅವರಿಗೆ ಕೊರೊನಾಕ್ಕೆ ಅಂತ ಔಷಧ ಅದೆ. ಆ ಮಾತ್ರೆನ ಜ್ವರ ಶುರುವಾದ ಐದು ದಿನದೊಳಗೆ ಕೊಡಬೇಕು. ಉಸಿರು ಕಟ್ಟೋವರೆಗೂ ಕಾಯಂಗಿಲ್ಲ.”

“ನಾಕು ಜನಕ್ಕೆ ಗೊತ್ತಾದ್ರೆ ಮೋನಿಕಾ ಗತಿ?”

“ಮೋನಿಕಾಗೆ ಅಪ್ಪ ಬೇಡ್ವಾ ಅಕ್ಕ?” ಮೇಘನಾ ಹೇಳಿದಳು, “ನಮ್ಮನೇಲೂ ಅವರಿಗೆ ಜ್ವರ ಬಂದಾಗ ನಾಳೆ ನೋಡಣ ಅಂದ್ಕಂಡ್ವಿ.”

ಸರಸ್ವತಮ್ಮ ಎದ್ದು ಮೈಸೂರಿನ ಚೀಟಿಗಳನ್ನೂ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಂಡರು. ಗಂಡನಿಗೆ ಮಾಸ್ಕ್ ಕಟ್ಟಿದರು.

ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ಅವರ ಹಿಂದೆಯೇ ಅದೇ ಬೀದಿಯ ವೀರಮ್ಮ ನಿಂತಿದ್ದರು.

“ಏನು ತೊಂದರೆ?” ನರ್ಸ್ ಕೇಳಿದರು.

“ಜ್ವರ. ಇವ್ರಿಗೆ ರಕ್ತ...” ಸರಸ್ವತಮ್ಮ ಒಮ್ಮೆ ಹಿಂದೆ ನೋಡಿದರು. “ರಕ್ತದ ಕ್ಯಾನ್ಸರ್ ಅದೆ.”

ನರ್ಸ್ ಕೂಡಲೇ ಒಳಗೆ ಕರೆದರು. ಟೆಸ್ಟ್‌ನಲ್ಲಿ ಕೊರೊನಾ ಬಂತು. ಡಾಕ್ಟರು ಮೈಸೂರಿಗೆ ಫೋನ್ ಮಾಡಿದರು, ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ನೋಡಿದರು. ಅವುಗಳ ಜೊತೆ ಹೊಂದುವ ಔಷಧವನ್ನು ಅಂದೇ ಶುರು ಮಾಡಿಸಿದರು.

ಹೊರಗೆ ವೀರಮ್ಮ ಕಾದಿದ್ದರು. ಸರಸ್ವತಮ್ಮ ತಲೆ ತಗ್ಗಿಸಿದರು.

“ಶಾಗ್ಯ ಊರಲ್ಲಿರೋ ನನ್ ತಮ್ಮನ್ಗೂ ಅದೇ ಕಾಯ್ಲೆ ಕಣವ್ವ,” ಎಂದರು ವೀರಮ್ಮ ಮೆಲ್ಲಗೆ. “ನಾವೂ ಯಾರ್ಗೂ ಯೋಳಿಲ್ಲ. ಆ ಔಷಧದ ವಿಚಾರ ವಸಿ ಬಿಡಿಸಿ ಯೋಳು.”

ನಿಮ್ಮ ಮನೆಯಲ್ಲೂ ರಕ್ತದ ಕ್ಯಾನ್ಸರ್ ಇರುವವರಿದ್ದರೆ, ಸಣ್ಣ ಜ್ವರ, ಕೆಮ್ಮು, ಗಂಟಲು ನೋವು ಕಂಡ ದಿನವೇ ಅವರ ಡಾಕ್ಟರಿಗೆ ತಿಳಿಸಿ. ಕೊರೊನಾ ಟೆಸ್ಟ್ ಕೇಳಿ. ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ತೋರಿಸಿ. ನೀವಾಗಿಯೇ ಯಾವ ಔಷಧವನ್ನೂ ಕೊಂಡು ಕೊಡಬೇಡಿ. ನೆಂಟರಿಗೆ ಏನು ಹೇಳುವುದು ಎಂಬುದು ನಿಮ್ಮ ಇಷ್ಟ. ಡಾಕ್ಟರಿಗೆ ಮಾತ್ರ ಕಾಯಿಲೆಯ ನಿಜವಾದ ಹೆಸರು ಹೇಳಿ.