ನಲವತ್ತೊಂದನೆಯ ಹಕ್ಕಿ

ಬಾಗಿಲು, ಕಿಟಕಿ ಮಾಡಿ ಹೆಸರು ಗಳಿಸಿದ ನನ್ನಂಥ ಬಡಗಿಯಿಂದ ಮರದ ಹಕ್ಕಿ ಕೆತ್ತಿಸಿದವಳು ನನ್ನ ಮಗಳು. ಸರೋವರದ ಪಕ್ಷಿಧಾಮದಲ್ಲಿ ಅವಳು ಗಾರ್ಡ್. ಅಲ್ಲಿನ ನಡುಗಡ್ಡೆಯ ಮರಳಲ್ಲಿ ರೀವ ಹಕ್ಕಿಗಳು ಮೊಟ್ಟೆಯಿಡುವುದು ಎಂದೋ ನಿಂತುಹೋಗಿತ್ತು. ತಮ್ಮವರು ಕೂತಿದ್ದು ಕಂಡರೆ ಧೈರ್ಯವಾಗಿ ಇಳಿಯುತ್ತವಂತೆ.

"ಸುಳ್ಳು ಹಕ್ಕಿ ಕೂರಿಸಿ ನಿಜವಾದವನ್ನ ಕರೆಯೋಣ, ಅಪ್ಪ" ಎಂದು ತಲೆ ತಿಂದಳು. ನಲವತ್ತು ಕೆತ್ತಿದೆ. ಬಿಳಿ ಮೈ, ತಲೆಗೆ ಕಪ್ಪು ಟೊಪ್ಪಿ. ನೋಡಿದವರು ಮೂಗಿನ ಮೇಲೆ ಬೆರಳಿಡಬೇಕು, ಹಾಗಿದ್ದವು.

ಮೂರು ವರ್ಷ ಒಂದು ರೀವವೂ ಅತ್ತ ಸುಳಿಯಲಿಲ್ಲ. ಕಾಗೆಗಳು ಮಾತ್ರ ನನ್ನ ಕೆಲಸದ ಮೇಲೆ ಹಿಕ್ಕೆ ಹಾಕಿ ಹೋದವು.

ಈ ಬೆಳಗ್ಗೆ ಕೊನೆಯ ತಪಾಸಣೆ. ಹಕ್ಕಿ ಬಂದಿಲ್ಲವಾದರೆ ನಡುಗಡ್ಡೆಗೆ ಬೋಟಿಂಗು, ಪಿಕ್ನಿಕ್ಕಿನ ಚಪ್ಪರ. ಮರದ ಹಕ್ಕಿಗಳನ್ನು ವಾಪಸ್ ಒಯ್ಯಲು ನನಗೂ ಹೇಳಿಕಳಿಸಿದ್ದರು. ಮಗಳು ತಿಂಡಿಯನ್ನೂ ಮುಟ್ಟಿರಲಿಲ್ಲ.

"ಮುಖ ಯಾಕೆ ಸಪ್ಪಗೆ ಮಾಡ್ಕೊಂಡಿದ್ದೀಯ? ನನ್ನ ಕೈಕೆಲಸ ಇವತ್ತಿನವರೆಗೂ ಸೋತಿಲ್ಲ" ಎಂದೆ. ಅವಳು ದೋಣಿಯಲ್ಲಿ ನಡುಗಡ್ಡೆಗೆ ಬೆನ್ನು ಮಾಡಿ ಕೂತು ಹುಟ್ಟು ಹಾಕತೊಡಗಿದಳು.

ತಪಾಸಣೆಗೆಂದು ನಮ್ಮ ದೋಣಿಯಲ್ಲೇ ಬಂದಿದ್ದ ಅಧಿಕಾರಿ ಮೇಡಂ ದೂರದಿಂದಲೇ ಬೈನಾಕ್ಯುಲರ್‌ನಲ್ಲಿ ಎಣಿಸಿದರು. "ನಲವತ್ತೊಂದು."

"ನಲವತ್ತು ಮೇಡಂ."

"ಎರಡು ಸಲ ಎಣಿಸಿದೆ, ಯಜಮಾನ್ರೇ."

ನನಗೆ ಪಿತ್ತ ನೆತ್ತಿಗೇರಿತು. "ಮನೆಯವಳ ಹುಟ್ಟಿದ ದಿನ ಮರೆತೇನು, ಮಾಡಿದ ಕೆಲಸದ ಲೆಕ್ಕ ಮರೆಯಲ್ಲ!"

ಅವರು ನಕ್ಕು ಬೈನಾಕ್ಯುಲರ್ ನನ್ನ ಕೈಗಿತ್ತರು. "ಎಡಗಡೆ, ಕಲ್ಲಿನ ಪಕ್ಕದ್ದು ನೋಡಿ. ಎಲ್ಲಕ್ಕಿಂತ ಚೆನ್ನಾಗಿ ಕೆತ್ತಿದ್ದೀರಿ. ಕುತ್ತಿಗೆ ಎಷ್ಟು ನಾಜೂಕು!"

ನೋಡಿದೆ. ಹೊಗಳಿಕೆಯನ್ನು ಸುಮ್ಮನೆ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಆದರೆ ಅಂಥ ಕುತ್ತಿಗೆ ಈ ಜನ್ಮದಲ್ಲಿ ನನ್ನ ಉಳಿಗೆ ಒಲಿದಿಲ್ಲ.

"ಅದು ನಾನು ಮಾಡಿದ್ದಲ್ಲ ಮೇಡಂ."

ಹಾಗೆನ್ನುವಷ್ಟರಲ್ಲಿ ಅದು ಎದ್ದು ನಿಂತು, ಹೊಟ್ಟೆಯಡಿಯ ಮೊಟ್ಟೆಗಳನ್ನು ಕೊಕ್ಕಿನಿಂದ ಹೊರಳಿಸಿ, ಮತ್ತೆ ಮೈಯರಳಿಸಿ ಕೂತಿತು.

"ಎದ್ದಿತಲ್ಲ! ಹತ್ತಿರ ಹೋಗಿ ಒಂದು ಫೋಟೋ ತೆಗೀಲೇಬೇಕು" ಎಂದರು ಮೇಡಂ.

ಮಗಳು ತಿರುಗಿ ನೋಡಿದ್ದೇ ಹುಟ್ಟು ನಿಲ್ಲಿಸಿದಳು. "ಬೇಡ ಮೇಡಂ. ಇನ್ನೂ ಹತ್ತಿರ ಹೋದ್ರೆ ಎದ್ದು ಹೋಗುತ್ತೆ. ಬಿಸಿಲಿಗೆ ಮೊಟ್ಟೆ ಹಾಳಾಗುತ್ತೆ."

"ಫೋಟೋ ಇಲ್ದೆ ಮೇಲಿನವರು ನಂಬ್ತಾರಾ?"

"ನೀವು ಕಣ್ಣಾರೆ ನೋಡಿದ್ದೀರಲ್ಲ. ನೀವು ಹೇಳಿದ್ರೆ ನಂಬ್ತಾರೆ. ನಾನಂತೂ ದೋಣಿ ಮುಂದಕ್ಕೆ ಬಿಡಲ್ಲ."

ಮೇಲಧಿಕಾರಿಗೇ ಎದುರಾಡಿದ್ದಳು. ನನಗೆ ಭಯವಾಗಲಿಲ್ಲ, ಹೆಮ್ಮೆಯಾಯಿತು. ಮೇಡಂ ಕ್ಯಾಮೆರಾ ಚೀಲಕ್ಕೆ ಹಾಕಿದರು. "ಸರಿ. ಬೋಟಿಂಗು ಬೇರೆ ಕಡೆ ನೋಡ್ತೀವಿ. ಇಲ್ಲಿಂದ ಮುಂದಕ್ಕೆ ಯಾರೂ ಬರಬಾರದು, ನಾನೂ ಸೇರಿ."

ಮಗಳು ಹುಟ್ಟನ್ನು ನನ್ನತ್ತ ಚಾಚಿದಳು. ಮುಖದ ತುಂಬ ನಗು, ಕಣ್ಣ ತುಂಬ ನೀರು.

"ನೀನೇ ಹಾಕಪ್ಪ. ನಾನು ಅದನ್ನ ನೋಡ್ತಾ ಕೂರ್ತೀನಿ."

ನಾನು ನೀರು ಸದ್ದಾಗದಂತೆ ದೋಣಿ ತಿರುಗಿಸಿದೆ.