ಹಿಕ್ಕೆ ಗುಡಿಸದ ಗೈಡ್

ಕೊರೋನಾ ಬಂದ ಮೇಲೆ ಜಗಳೂರು ಕಡೆಯ ಕಾಡಿನ ಪರಿಸರ ಪ್ರವಾಸದಲ್ಲಿ ಪ್ರವಾಸ ನಿಂತು ಪರಿಸರ ಮಾತ್ರ ಉಳಿದಿತ್ತು. ಜನರಿಗೆ ನಾಲ್ಕು ಕೊಂಬಿನ ಪುಟ್ಟ ಹುಲ್ಲೆ ಕೊಂಡುಕುರಿಯನ್ನು ತೋರಿಸುತ್ತಿದ್ದ ಗೈಡ್ ಗಾದ್ರಮ್ಮ ಎರಡು ವರ್ಷ ಕಂಡವರ ಹೊಲದಲ್ಲಿ ಕಳೆ ಕಿತ್ತಳು. ಇವತ್ತು ಸಂಜೆ ಗೇಟು ಮತ್ತೆ ತೆರೆಯುತ್ತದೆ. ಹೊನ್ನಾಳಿಯಿಂದ ಮೊದಲ ಟೆಂಪೋ ಹೊರಟಿದೆ. ಪ್ರವಾಸದ ಗುತ್ತಿಗೆದಾರ ಪರಶುರಾಮ್, ಲಾಕ್‌ಡೌನಿಗೆ ಮುಂಚೆ ಕಟ್ಟಿಸಿದ್ದ ಸೆಲ್ಫಿ ಕಟ್ಟೆಗೆ ರಿಬ್ಬನ್ ಕಟ್ಟಿ, ಕತ್ತರಿ ಹಿಡಿದು ನಿಂತಿದ್ದ.

ಕಟ್ಟೆಯ ಮೇಲೆ ಹಿಕ್ಕೆಯ ರಾಶಿ.

“ಗಾದ್ರಕ್ಕಾ, ಯಾರ್ದೋ ಆಡು ನುಗ್ಗೈತೆ. ಬೇಗ ಗುಡ್ಸು.”

“ಆಡಲ್ಲ ಸಾಹೇಬ್ರೆ, ಕೊಂಡುಕುರಿ. ದಿನಾ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕ್ತೈತೆ. ನೀವು ಇಲ್ದಾಗ ಈ ಕಟ್ಟೆ ಹಿಡ್ಕಂಡೈತೆ. ಗುಡಿಸಿದ್ರೆ ಈ ಕಡೆ ತಲೆನೇ ಹಾಕಲ್ಲ.”

“ಜನ ಫೋಟೋ ತಗಣಾಕೆ ಬರ್ತಾರೆ, ಹಿಕ್ಕೆ ನೋಡಾಕಲ್ಲ!”

“ಇಷ್ಟು ವರ್ಷ ನಾನು ಹಿಕ್ಕೆ ನೋಡ್ಕಂಡೇ ಪ್ರಾಣಿ ತೋರ್ಸಿದ್ದು. ನಿಮ್ ಕಟ್ಟೆ ನೋಡ್ಕಂಡಲ್ಲ.”

ಪರಶುರಾಮ್ ಪೊರಕೆ ಚಾಚಿದ. “ಗುಡುಸ್ತೀಯೋ, ಗೈಡ್ ಕಾರ್ಡ್ ವಾಪಸ್ ಕೊಡ್ತೀಯೋ?”

ಎರಡು ವರ್ಷ ಅಕ್ಕಿ ಡಬ್ಬಿಯಲ್ಲಿಟ್ಟು ಕಾಪಾಡಿದ್ದ ಕಾರ್ಡು. ಗಾದ್ರಮ್ಮ ಅದನ್ನು ಕೊರಳಿನಿಂದ ತೆಗೆದು ಅವನ ಕೈಗಿಟ್ಟಳು.

“ಕಾರ್ಡ್ ನಿಮ್ದು, ಹಿಕ್ಕೆ ಅದ್ರದ್ದು, ಕಣ್ಣು ನಂದು. ಪೊರಕೆ ನೀವೇ ಇಟ್ಕಳ್ರಿ.”

ಅಷ್ಟರಲ್ಲಿ ಟೆಂಪೋ ಬಂತು. ಶಾಲೆ ಟೀಚರ್ ಉಷಾರಾಣಿ ಇಳಿದವರೇ, “ಎಲ್ರೀ ಕೊಂಡುಕುರಿ?” ಅಂದರು. ಪರಶುರಾಮ್ ಕತ್ತರಿಯಿಂದ ಗೇಟಿನ ಕಡೆ ತೋರಿಸಿದ. ಅವನು ಜೀವಮಾನದಲ್ಲಿ ನೋಡಿದ್ದು ಗೇಟಿನ ಬೋರ್ಡಿನ ಕೊಂಡುಕುರಿಯೊಂದನ್ನೇ. ಅದಕ್ಕೂ ಪೇಂಟರ್ ಎರಡೇ ಕೊಂಬು ಬರೆದಿದ್ದ.

“ಮಾತಾಡ್ಬ್ಯಾಡ್ರಿ, ಈ ಪೊದೆ ಹಿಂದೆ ಕುಂತ್ಕಳ್ರಿ,” ಎಂದಳು ಗಾದ್ರಮ್ಮ. ಟೆಂಪೋಗೆ ಟೆಂಪೋವೇ ಕುಕ್ಕರಿಸಿತು. ಕತ್ತರಿ ಸಮೇತ ಪರಶುರಾಮ್ ಕೂಡ.

ಅರ್ಧ ಗಂಟೆಯಾದ ಮೇಲೆ ಕಂದು ಬಣ್ಣದ ಪ್ರಾಣಿ ಮೆಲ್ಲಗೆ ಬಂತು. ಹಣೆಯ ಮೇಲೆ ಎರಡು ಮೋಟು ಕೊಂಬು, ಕಿವಿಗಳ ನಡುವೆ ಎರಡು ಉದ್ದನೆಯವು. ರಿಬ್ಬನ್ನನ್ನು ಮೂಸಿ ನೋಡಿ ಎದೆಯಿಂದ ತಳ್ಳಿತು. ಗಂಟು ಬಿಚ್ಚಿಕೊಂಡಿತು. ಕಟ್ಟೆ ಹತ್ತಿ, ಗುತ್ತಿಗೆದಾರನ ಕಡೆ ಬೆನ್ನು ತಿರುಗಿಸಿ, ಕೆಲಸ ಮುಗಿಸಿ ಹೋಯಿತು.

ಉಷಾರಾಣಿ ಪೊದೆ ಹಿಂದಿನಿಂದ ಎದ್ದರು. “ಮುಂದಿನ ವಾರ ಶಾಲೆ ಮಕ್ಳನ್ನೆಲ್ಲ ಕರ್ಕಂಡು ಬರ್ತೀನಿ. ತೋರ್ಸಾಕೆ ಈ ಅಮ್ಮಾರೇ ಇರ್ತಾರಲ್ರೀ?”

ಪರಶುರಾಮ್ ಕೈಯಲ್ಲಿದ್ದ ಕಾರ್ಡು ನೋಡಿದ, ಕತ್ತರಿ ನೋಡಿದ. “ಉದ್ಘಾಟನೆ...”

“ಆಯ್ತಲ್ಲ ಸಾಹೇಬ್ರೆ, ಈಗ್ತಾನೆ!” ಗಾದ್ರಮ್ಮ ಕೈ ಚಾಚಿದಳು. “ಕಾರ್ಡ್ ಕೊಡ್ರಿ. ಹಂಗೇ ಬೋರ್ಡಿಗೆ ಇನ್ನೆರಡು ಕೊಂಬು ಬರೆಸ್ರಿ.”