ಗರಗಸಕ್ಕೆ ಎಳನೀರಿನ ಅಭಿಷೇಕ

ನನ್ನ ಮಗಳ ಗರಗಸಗಳಿಗೆ ನನ್ನ ಮಗ ಎಳನೀರಿನ ಅಭಿಷೇಕ ಮಾಡಿದ. ಅದೂ ಅವಳು ತೀರಿಕೊಂಡ ಮೇಲಿನ ಶಿವಗಣಾರಾಧನೆಯ ದಿನ, ಬಿಳಿಗೆರೆಯ ನಮ್ಮ ಮನೆಯ ನಡುಮನೆಯಲ್ಲಿ, ನೆಂಟರಿಷ್ಟರ ಎದುರಿಗೆ. ನಾನು ಲಿಂಗಪೂಜೆ ಮುಗಿಸಿ ಹೊರಗೆ ಬರುವ ಹೊತ್ತಿಗೆ ಆ ಕೆಲಸ ಆಗಿಹೋಗಿತ್ತು.

ಮಗಳ ಹೆಸರು ಗಿರಿಜಾಂಬಿಕಾ. ಮಗ ಶಿವಮೂರ್ತಿ ಅವಳಿಗೆ ಅಣ್ಣ. ಗಿರಿಜೆ ತೆಂಗಿನ ತೋಟಗಳಿಗೆ ಹನಿ ನೀರಾವರಿಯ ಪೈಪು ಜೋಡಿಸುತ್ತಿದ್ದಳು, ನೀರಿನ ಟ್ಯಾಂಕುಗಳಿಗೆ ತೂತು ಕೊರೆದು ನಲ್ಲಿ ಕೂರಿಸುತ್ತಿದ್ದಳು. ಕಿಬ್ಬನಹಳ್ಳಿಯ ಒಂದು ಪೈಪಿನ ಅಂಗಡಿಗೆ ಬಿಲ್ಲು ಬರೆಯಲು ಸೇರಿದವಳು, ಬರೆಯುವುದು ಬೇಸರವಾಗಿ ಕೆಲಸಗಾರರ ಹಿಂದೆ ತೋಟಕ್ಕೆ ಹೋಗಲು ಶುರುಮಾಡಿ, ಕಡೆಗೆ ತಾನೇ ಕೆಲಸ ಹಿಡಿದಳು. ಮದುವೆಯ ಮಾತೆತ್ತಿದರೆ "ಈ ತೋಟ ಒಂದು ಮುಗೀಲಿ ಬುಡಪ್ಪ" ಎನ್ನುತ್ತಿದ್ದಳು. ತೋಟಗಳು ಮುಗಿಯುವ ಜಾತಿಯವಲ್ಲ. ಅಂಥದ್ದೇ ಒಂದು ತೋಟದಲ್ಲಿ, ಒಣಗರಿಯ ಕೆಳಗೆ ಸಿಕ್ಕಿಕೊಂಡಿದ್ದ ಪೈಪನ್ನು ಎಳೆಯುವಾಗ ಮಂಡಲದ ಹಾವು ಕಚ್ಚಿತು. ಆಸ್ಪತ್ರೆ ಮುಟ್ಟಿದಳು, ಉಳಿಯಲಿಲ್ಲ.

ಶಿವ ಕರೆದುಕೊಂಡ ಎಂದು ಬಂದವರೆಲ್ಲ ಹೇಳಿದರು. ಕರೆದುಕೊಂಡವನ ಮೇಲೆ ನನಗಿರುವ ಸಿಟ್ಟನ್ನು ಲಿಂಗಪೂಜೆಯಲ್ಲಿ ಅವನನ್ನು ಅಂಗೈಯಲ್ಲಿ ಇಟ್ಟುಕೊಂಡೇ ಅವನಿಗೆ ಹೇಳಿದ್ದೇನೆ. ಅದು ನಮ್ಮಿಬ್ಬರೊಳಗಿನ ಮಾತು. ಮಗನ ಮೇಲಿನ ಸಿಟ್ಟು ಬೇರೆ.

ಆ ಗರಗಸಗಳ ವಿಷಯ ಹೇಳಬೇಕು. ಅಂಗಡಿಯವರು ಅವನ್ನು ಹೋಲ್ ಸಾ ಎನ್ನುತ್ತಾರೆ. ಉಕ್ಕಿನ ಬಟ್ಟಲೊಂದರ ಅಂಚಿಗೆ ಹಲ್ಲು ಮೂಡಿದರೆ ಹೇಗೋ ಹಾಗೆ. ಬೈರಿಗೆ ಯಂತ್ರದ ಮೂತಿಗೆ ಸಿಕ್ಕಿಸಿ ತಿರುಗಿಸಿದರೆ ಪೈಪಿನಲ್ಲೋ ಟ್ಯಾಂಕಿನಲ್ಲೋ ದುಂಡನೆಯ ತೂತು ಬೀಳುತ್ತದೆ. ಕೊಂಡಾಗ ಅವು ಒಂದರೊಳಗೊಂದು ಕೂತ ಡಬ್ಬಿಯಲ್ಲಿ ಬಂದಿದ್ದವು. ಒಂದರ ಹಲ್ಲು ಇನ್ನೊಂದರ ಮೈ ಕೆರೆಯುತ್ತದೆ ಎಂದು ಗಿರಿಜೆ ಆ ಡಬ್ಬಿಯನ್ನು ಎಸೆದಳು. ಹಿಡಿಯಿರುವ ತಗಡಿನ ಪೆಟ್ಟಿಗೆಯೊಂದನ್ನು ತಂದು, ಅದರ ತಳಕ್ಕೆ ತೆಂಗಿನ ಮರದ ಹಲಗೆ ಕೂರಿಸಿ, ಹಲಗೆಯ ತುಂಬ ಬೋಲ್ಟು ನಿಲ್ಲಿಸಿದಳು. ಒಂದೊಂದು ಬೋಲ್ಟಿಗೆ ಒಂದೊಂದು ಗರಗಸ, ಹಲ್ಲು ಮೇಲಕ್ಕೆ. ದೊಡ್ಡವು ಅಲುಗದಂತೆ ಕೈಯಲ್ಲೇ ತಿರುವುವ ಕಿವಿಯ ನಟ್ಟು, ಸಣ್ಣವಕ್ಕೆ ಸೈಕಲ್ ಟ್ಯೂಬಿನ ತುಂಡು. ಹನಿ ನೀರಿನ ಕೆಲಸದವು ಹಿಡಿಯ ಕಡೆ, ಟ್ಯಾಂಕಿನ ಕೆಲಸದವು ಬೀಗದ ಕಡೆ. ಮೊಪೆಡ್ಡಿನ ಮೇಲೆ ಎಂಥ ಗುಂಡಿಯಲ್ಲಿ ಹೋದರೂ ಪೆಟ್ಟಿಗೆ ಸದ್ದು ಮಾಡುತ್ತಿರಲಿಲ್ಲ. ಮನೆಗೆ ಬಂದವಳು ಕಾಫಿಗೆ ಮೊದಲು ಅವನ್ನು ಬಿಚ್ಚಿ, ಹೊಲಿಗೆ ಯಂತ್ರದ ಎಣ್ಣೆ ಸವರಿದ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಆಯುಧಪೂಜೆಯ ದಿನ ನಾನು ವಿಭೂತಿ ಹಿಡಿದು ಹೋದರೆ ಕೈ ಅಡ್ಡ ಮಾಡುವಳು. "ಪೆಟ್ಟಿಗೆಗೆ ಹಚ್ಚಪ್ಪ, ಹಲ್ಲಿಗೆ ಬ್ಯಾಡ."

ಶಿವಮೂರ್ತಿಗೆ ತಂಗಿಯ ಕೆಲಸ ನಗೆಪಾಟಲು. ಹೋಲ್ ಸಾ ಅಲ್ಲ, ಹೊಲಸು ಎನ್ನುವನು. "ಹೊಲಸು ತುಂಬ್ಕಂಡು ಹೊರಟ್ಲು ನೋಡು ಇಂಜಿನಿಯರ್ರು" ಎಂದು ಜಗಲಿಯಲ್ಲಿ ಕೂತವರಿಗೆ ಹೇಳಿ ನಗಿಸುವನು. ಪೈಪು ಇಡಲು ಕೊಬ್ಬರಿ ಮನೆಯಲ್ಲಿ ಒಂದು ಮೂಲೆ ಕೊಡಣ್ಣ ಎಂದು ಅವಳು ಕೇಳಿದಾಗ, ಕಾಯಿಗೇ ಜಾಗ ಸಾಲದು ಎಂದ. ಪೈಪುಗಳು ಮಳೆಯಲ್ಲಿ ಹೊರಗೇ ಬಿದ್ದಿರುತ್ತಿದ್ದವು.

ಆ ಶಿವಮೂರ್ತಿ ಈಗ ನಡುಮನೆಯಲ್ಲಿ ಮಣೆಯ ಮೇಲೆ ಬಿಳಿ ಬಟ್ಟೆ ಹಾಸಿ, ಗಿರಿಜೆಯ ಪಟಕ್ಕೆ ಸೇವಂತಿಗೆಯ ಹಾರ ಹಾಕಿ, ಪಟದ ಮುಂದೆ ಗರಗಸಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಜೋಡಿಸಿದ್ದ. ಒಂದೊಂದರ ಮೈಗೂ ಮೂರು ಎಳೆ ವಿಭೂತಿ, ಅರಿಸಿನ, ಕುಂಕುಮ. ಬಟ್ಟಲಿನೊಳಗೆ ಹೂವಿನ ಎಸಳು. ಮೇಲೆ ಸುರಿದ ಎಳನೀರು ಹಲ್ಲಿನ ಸಂದಿಯಲ್ಲಿ ನಿಂತಿತ್ತು. ಸೊಸೆ ನಿರ್ಮಲಾ ಮೊಬೈಲು ಹಿಡಿದು ಚಿತ್ರ ತೆಗೆಯುತ್ತಿದ್ದಳು.

"ಯಾರ್ಲಾ ಇದನ್ನ ಮಾಡಿದ್ದು?" ಎಂದೆ.

"ನಾನೇ ಕಣಪ್ಪ. ಚೆನ್ನಾಗೈತೆ ಅಲ್ವಾ? ಪ್ರಾಣ ಇಟ್ಕಂಡಿದ್ಲು ಇವುಗಳ ಮ್ಯಾಲೆ" ಎಂದ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಅದನ್ನು ನೋಡಿ ನನ್ನ ಸಿಟ್ಟು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

ಏಕೆಂದರೆ ಆ ಪೆಟ್ಟಿಗೆ ಅಂದೇ ಮನೆಯಿಂದ ಹೊರಡಬೇಕಾಗಿತ್ತು. ಚಿಕ್ಕನಾಯಕನಹಳ್ಳಿಯ ಕಡೆಯ ಮರುಳಪ್ಪ ಎಂಬುವರ ತೋಟದ ಕೆಲಸವನ್ನು ಗಿರಿಜೆ ಒಪ್ಪಿಕೊಂಡಿದ್ದಳು. ಹೊಸ ಸಸಿ ನೆಟ್ಟಾಗಿತ್ತು, ಕಾಲುವೆ ತೋಡಿ ಪೈಪು ಇಳಿಸಿಯಾಗಿತ್ತು, ತೂತು ಕೊರೆದು ಸಣ್ಣ ಕೊಳವೆ ಜೋಡಿಸುವುದಷ್ಟೇ ಉಳಿದಿತ್ತು. ಅವರ ಮನೆಯವರು ಬಿಂದಿಗೆಯಲ್ಲಿ ನೀರು ಹೊತ್ತು ಸಸಿಗಳನ್ನು ಉಳಿಸಿಕೊಳ್ಳುತ್ತಿದ್ದರು. ಆರಾಧನೆಯ ಮರುದಿನದವರೆಗೆ ನೋಡಿ, ಆಗದಿದ್ದರೆ ತಿಪಟೂರಿನಿಂದ ಬೇರೆಯವರನ್ನು ಕರೆಸುತ್ತೇನೆ ಎಂದು ಮರುಳಪ್ಪ ನನಗೆ ಫೋನು ಮಾಡಿ, ಕೇಳಲು ನಾಚಿಕೊಂಡೇ ಹೇಳಿದ್ದರು. ನಾನು ಸುಷ್ಮಿತಾಗೆ ಹೇಳಿಕಳಿಸಿದೆ. ಅವಳು ಕಿಬ್ಬನಹಳ್ಳಿಯವಳು, ಗಿರಿಜೆಯ ಜೊತೆಯಲ್ಲೇ ಇಷ್ಟು ವರ್ಷ ದುಡಿದವಳು. ಅವಳಿಗೆ ಸ್ವಂತದ ಗರಗಸಗಳಿಲ್ಲ. ಪೆಟ್ಟಿಗೆ ಹೋದರೆ ಗಿರಿಜೆ ಕೊಟ್ಟ ಮಾತೂ ಉಳಿಯುತ್ತದೆ, ಆ ಹೆಣ್ಣುಮಗಳ ಕೆಲಸವೂ ಉಳಿಯುತ್ತದೆ ಎಂದು ನಾನು ತೀರ್ಮಾನ ಮಾಡಿ ಮನೆಯಲ್ಲಿ ಹೇಳಿದ್ದೆ. ಅವಳು ಬೆಳಿಗ್ಗೆಯೇ ಬಂದು ಶಾಮಿಯಾನದ ಕೆಳಗೆ ಕೂತಿದ್ದಳು.

ನನ್ನ ದನಿ ಕೇಳಿ ಒಳಗೆ ಬಂದಳು. ಮಣೆಯ ಕಡೆ ನೋಡಿ "ಅಯ್ಯೋ ಶಿವನೇ" ಎಂದಳು.

ಶಿವಮೂರ್ತಿ ಅವಳ ಕಡೆ ತಿರುಗಿದ. "ಊಟಕ್ಕೆ ಬಂದಿದ್ಯೇನಮ್ಮ, ಪೆಟ್ಟಿಗೆಗೆ ಬಂದಿದ್ಯೋ?"

"ಊಟ ಆಮೇಲಣ್ಣ. ಮೊದ್ಲು ಅವನ್ನ ನೀರಿಂದ ಎತ್ತು. ಅಕ್ಕ ಇದ್ದಿದ್ರೆ ಆ ಎಳನೀರು ಬುರುಡೇನ ನಿನ್ ತಲೆಗೇ ಇಕ್ಕೋಳು."

ಮೂಲೆಯಲ್ಲಿ ಯಾರೋ ನಕ್ಕರು. ಶಿವಮೂರ್ತಿಯ ಮುಖ ಕೆಂಪಾಯಿತು. "ಇವು ಎಲ್ಲಿಗೂ ಹೋಗಲ್ಲ. ಗಾಜಿನ ಪೆಟ್ಟಿಗೆ ಮಾಡಿಸಿ ಪಟದ ಕೆಳಗೆ ಇಡ್ತೀನಿ. ನನ್ ತಂಗಿ ನೆನಪು ಇದು, ಕಂಡೋರ ಮೊಪೆಡ್ ಮ್ಯಾಲೆ ಕುಣಿಯಾಕಲ್ಲ."

"ತೆಗಿ ಅವನ್ನ" ಎಂದೆ.

"ಪೂಜೆ ಆಗೈತಪ್ಪ. ಅಯ್ನೋರನ್ನೇ ಕೇಳು ಬೇಕಾದ್ರೆ."

ಆರಾಧನೆ ನಡೆಸಿಕೊಡಲು ಬಂದಿದ್ದ ತೋಂಟದಾರ್ಯ ಅಯ್ಯನವರು ಕಂಬಕ್ಕೆ ಒರಗಿ ಕೂತಿದ್ದರು. ಅವರಿಗೆ ಈ ಜಗಳದ ನಡುವೆ ಸಿಕ್ಕಿಕೊಳ್ಳುವ ಮನಸ್ಸಿರಲಿಲ್ಲ. "ಮಾಡಿದ ಪೂಜೆ ಕದಲಿಸಬಾರದು ಏಕಾಂತಯ್ಯನೋರೆ. ಮೂರು ದಿನ ಹಂಗೇ ಇರ್ಲಿ, ಆಮೇಲೆ ನೀವು ನೀವು ಕೂತು ಮಾತಾಡ್ಕಳಿ" ಎಂದರು.

ಮೂರು ದಿನ. ಎಳನೀರಿನ ಉಪ್ಪು ಉಕ್ಕನ್ನು ತಿನ್ನಲು ಮೂರು ದಿನ ಬೇಡ.

"ಅಯ್ನೋರೆ," ಎಂದೆ, "ನೀವೂ ಲಿಂಗ ಕಟ್ಟಿದ್ದೀರಿ, ನಾನೂ ಕಟ್ಟಿದ್ದೀನಿ. ದಿನಾ ಪೂಜೆ ಮಾಡ್ತೀವಿ. ನೀರು ಎರೀತೀವಿ, ವಿಭೂತಿ ಧರಿಸ್ತೀವಿ, ಪತ್ರೆ ಏರಿಸ್ತೀವಿ. ಆಮೇಲೆ ಏನು ಮಾಡ್ತೀವಿ? ಪತ್ರೆ ಸಮೇತ ಒದ್ದೆಯಾಗೇ ಕರಡಿಗೆಗೆ ತುರುಕ್ತೀವಾ? ತೊಳೆದು, ಒಣಗಿದ ವಸ್ತ್ರದಲ್ಲಿ ಒರೆಸಿ, ಸುತ್ತಿ, ಅದರ ಜಾಗದಲ್ಲಿ ಇಟ್ಟು, ಕಟ್ಕಂಡು ಕೆಲಸಕ್ಕೆ ಹೋಗ್ತೀವಿ. ಸಾಕ್ಷಾತ್ ಲಿಂಗಕ್ಕೇ ಪೂಜೆ ಕದಲಿಸ್ತೀವಿ ದಿನಾ. ಈ ಕಬ್ಬಿಣ ಲಿಂಗಕ್ಕಿಂತ ದೊಡ್ಡದೇನ್ರೀ?"

ಅಯ್ಯನವರು ಗಡ್ಡ ಸವರಿಕೊಂಡರು. "ಅದೂ ಸರಿ ಅನ್ನಿ" ಎಂದರು. ಆಮೇಲೆ ಅಡಿಗೆಮನೆಯ ಕಡೆ ನೋಡಿ, "ಎಲೆ ತೊಳೆದ್ರೇನೋ ವಿಚಾರಿಸ್ರಪ್ಪ" ಎಂದರು.

ನಾನು ಮಣೆಯ ಮುಂದೆ ಕೂತೆ. ಹೆಗಲ ಮೇಲಿನ ಬಿಳಿ ವಸ್ತ್ರ ತೆಗೆದು ಮೊದಲನೆಯ ಗರಗಸ ಕೈಗೆತ್ತಿಕೊಂಡೆ. ನನ್ನ ವಯಸ್ಸಿನಲ್ಲಿ ನಾನು ವಿಭೂತಿಯನ್ನು ಹಚ್ಚಿದ್ದೇನೆ, ಹಂಚಿದ್ದೇನೆ, ಎಂದೂ ಅಳಿಸಿರಲಿಲ್ಲ. ಹೆಬ್ಬೆರಳು ಒತ್ತಿ ಉಜ್ಜಿದೆ. ಹಲ್ಲು ತಗುಲಿ ಬೆರಳು ಕೊಯ್ದಿತು. ಬಟ್ಟೆಗೆ ಹತ್ತಿದ್ದರಲ್ಲಿ ಕುಂಕುಮ ಯಾವುದು, ರಕ್ತ ಯಾವುದು, ಆಗಲೇ ಕಟ್ಟಿದ ತುಕ್ಕು ಯಾವುದು ತಿಳಿಯಲಿಲ್ಲ.

ಶಿವಮೂರ್ತಿ ನನ್ನ ಮಣಿಕಟ್ಟು ಹಿಡಿದ. "ಅಪ್ಪ, ಬ್ಯಾಡ ಕಣಪ್ಪ. ನಂಗೂ ಏನಾರ ಉಳೀಬೇಕಲ್ಲ ಅವಳ್ದು."

"ಬುಡ್ಲಾ ಕೈನ! ಒಂದು ಮೂಲೆ ಕೇಳಿದ್ಲು ನಿನ್ನ. ಕೊಡ್ಲಿಲ್ಲ. ಈಗ ನಡುಮನೆ ಕೊಟ್ಟಿದ್ದೀಯ. ಹೊಲಸು ಅಂದ್ಯಲ್ಲಾ, ಹೊಲಸಿಗೆ ಯಾಕ್ಲಾ ಹಾರ?"

ಅವನು ಕೈ ಬಿಟ್ಟ. ಎದ್ದು ನಿಂತು ಗೋಡೆಗೆ ಹಣೆ ಒತ್ತಿಕೊಂಡ. ನಿರ್ಮಲಾ "ಈಗ ಆ ಮಾತ್ಯಾಕೆ ಮಾವ" ಎಂದಳು. ನಾನು ಮುಂದಿನ ಗರಗಸ ಎತ್ತಿಕೊಂಡೆ. ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸು ನನಗಿರಲಿಲ್ಲ.

ಸುಷ್ಮಿತಾ ಎದುರಿಗೆ ಕೂತು, ಪೆಟ್ಟಿಗೆಯನ್ನು ಹತ್ತಿರಕ್ಕೆ ಎಳೆದುಕೊಂಡು ಎಣ್ಣೆಯ ಬಟ್ಟೆ ತೆಗೆದಳು. ನಾನು ನೀರು ಒರೆಸಿ ಕೊಡುವುದು, ಅವಳು ಹಲ್ಲು ಹಲ್ಲಿಗೂ ಎಣ್ಣೆ ಮುಟ್ಟಿಸಿ ಬೋಲ್ಟಿಗೆ ಕೂರಿಸುವುದು. ಯಾವುದು ಎಲ್ಲಿಗೆ ಎಂದು ಅವಳು ಯೋಚಿಸಬೇಕಾಗಿರಲಿಲ್ಲ. ಎಲ್ಲ ಕೂರಿಸಿದ ಮೇಲೆ ಪೆಟ್ಟಿಗೆಯಲ್ಲಿ ಕೈಯಾಡಿಸಿ, "ಕಿವಿ ನಟ್ಟುಗಳು ಎಲ್ಲಣ್ಣ?" ಎಂದು ಕೇಳಿದಳು.

ಶಿವಮೂರ್ತಿ ಗೋಡೆಯ ಕಡೆಯಿಂದಲೇ, "ಬಿಚ್ಚಿ ತಟ್ಟೇಲಿಟ್ಟಿದ್ದೆ. ತಟ್ಟೆ ತೊಳೆಯಾಕೆ ಒಯ್ದ್ರು" ಎಂದ.

ಹಿತ್ತಿಲಲ್ಲಿ ಹುಡುಕಿಸಿದೆವು. ಸಿಗಲಿಲ್ಲ. ದೊಡ್ಡ ಗರಗಸಗಳು ಬೋಲ್ಟಿನ ಮೇಲೆ ಸಡಿಲವಾಗಿಯೇ ಉಳಿದವು. ಸುಷ್ಮಿತಾ ಅವುಗಳ ಸಂದಿಗೆ ಹಳೆಯ ಬಟ್ಟೆ ತುರುಕಿ ಮುಚ್ಚಳ ಹಾಕಿದಳು. "ಹಿಡಿ ಹಿಡಿದು ಎತ್ತಬ್ಯಾಡಿ ತಾತ, ವಾಲ್ತದೆ, ಒಂದಕ್ಕೊಂದು ತಾಗ್ತವೆ. ಎರಡೂ ಕಡೆ ತಳಕ್ಕೆ ಕೈ ಕೊಟ್ಟು ಸಮನಾಗಿ ತರಬೇಕು. ನಾನು ಗಾಡಿ ತಿರುಗಿಸ್ಕಂತೀನಿ" ಎಂದು ಹೊರಗೆ ಹೋದಳು.

ನಾನು ಒಂದು ಕಡೆ ಬಗ್ಗಿದೆ. ಹಾಗೆ ಸಮನಾಗಿ ಎತ್ತುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ. ಯಾರನ್ನು ಕರೆಯಲಿ ಎಂದು ತಲೆಯೆತ್ತುವಷ್ಟರಲ್ಲಿ ಇನ್ನೊಂದು ಕಡೆ ಶಿವಮೂರ್ತಿ ಕೂತಿದ್ದ. ನನ್ನ ಮುಖ ನೋಡಲಿಲ್ಲ. ಇಬ್ಬರೂ ಎತ್ತಿದೆವು. ಹೊಸಿಲು ದಾಟುವಾಗ ಅವನ ಕಡೆ ತಗ್ಗಿ, ಒಳಗೆ ಖಣ್ ಎಂದು ಸದ್ದಾಯಿತು.

"ಸಮ ಹಿಡಿ" ಎಂದೆ.

"ಹಿಡಿದಿದ್ದೀನಿ. ನೀನು ಆತುರ ಮಾಡ್ಬ್ಯಾಡ" ಎಂದ.

ಶಾಮಿಯಾನದ ಕೆಳಗೆ ಕೂತಿದ್ದವರು ಕಾಲು ಮಡಿಸಿಕೊಂಡು ದಾರಿ ಬಿಟ್ಟರು. ನಾವು ಮದುವಣಗಿತ್ತಿಯನ್ನು ಕಳಿಸುವವರ ಹಾಗೆ ನಿಧಾನವಾಗಿ ನಡೆದೆವು. ಮೊಪೆಡ್ಡಿನ ಮೇಲೆ ಪೆಟ್ಟಿಗೆಯನ್ನು ಇಳಿಸಿ, ಅವನು ಹಗ್ಗ ಆ ಕಡೆಯಿಂದ ಎಸೆದ, ನಾನು ಈ ಕಡೆ ಬಿಗಿದೆ. ಸುಷ್ಮಿತಾ ಗಂಟು ಜಗ್ಗಿ ನೋಡಿದಳು. "ನೀರು ಬಿಟ್ಟ ತಕ್ಷಣ ಫೋನ್ ಮಾಡ್ತೀನಿ" ಎಂದು ನಮ್ಮಿಬ್ಬರಿಗೂ ಹೇಳಿ ಹೊರಟಳು.

ಗಾಡಿ ತೋಟದ ತಿರುವಿನಲ್ಲಿ ಮರೆಯಾಗುವವರೆಗೂ ಇಬ್ಬರೂ ನಿಂತಿದ್ದೆವು.

"ಇನ್ನೂ ಸಿಟ್ಟೇನಪ್ಪ?" ಎಂದ.

"ಹೂಂ ಕಣ್ಲಾ."

"ನಂಗೂ ಐತೆ" ಎಂದ.

ಒಳಗೆ ಎಲೆ ಹಾಕಿ ಕೂಗುತ್ತಿದ್ದರು. ಬಡಿಸುವುದಕ್ಕೆ ಅವನು ಒಂದು ಸಾಲು ಹಿಡಿದ, ನಾನು ಇನ್ನೊಂದು ಸಾಲು ಹಿಡಿದೆ.